ನಲವತ್ತಮೂರು ಪದ ಮತ್ತು ಒಂದು ಬಿಸ್ಕತ್ತಿನ ಡಬ್ಬ

ಇಕಾಮಾದ, ಅಂದರೆ ಇಲ್ಲಿ ವಾಸಿಸುವ ಪರವಾನಗಿಯ, ಹಳೆಯ ನಕಲು ಬೇಕೆಂದು ಕಪಾಟಿನ ಕೆಳಗಿನ ಖಾನೆ ತಡಕುತ್ತಿದ್ದೆ. ಅದು ಸಿಗಲಿಲ್ಲ, ನಮ್ಮ ಮನೆಯಲ್ಲಿ ಬೇಕಾದದ್ದು ಬೇಕಾದಾಗ ಸಿಕ್ಕಿದ ಉದಾಹರಣೆ ಇಲ್ಲ. ಕೈಗೆ ಬಂದದ್ದು ಒಂದು ಕಿಸೆ ಪುಸ್ತಕ. ರಟ್ಟಿನ ಮೇಲೆ ಅರಿಶಿನದ ಕಲೆ. ಒಳಗೆ ಎರಡು ಪುಟ ಒಂದಕ್ಕೊಂದು ಅಂಟಿಕೊಂಡಿವೆ, ಪಾಯಸದಿಂದಲೋ ಬೆವರಿನಿಂದಲೋ ದೇವರೇ ಬಲ್ಲ. ನಿಂತಲ್ಲೇ ಬಿಡಿಸಿದೆ, ಆಮೇಲೆ ನೆಲದ ಮೇಲೆ ಕೂತೆ. ಇಕಾಮಾ ಮರೆತೇ ಹೋಯಿತು.

ಈ ಪುಸ್ತಕದ ವಿಷಯ ನಿಮಗೆ ಹೇಳಬೇಕು. ನಾನು ಜುಬೈಲಿನ ಒಂದು ಕ್ಯಾಂಪಿನಲ್ಲಿ ಮೆಸ್ ಸೂಪರ್‌ವೈಸರ್. ಕಂಪನಿ ಬಸ್ಸಿನಲ್ಲಿ ಕಾರ್ಖಾನೆಗೆ ಹೋಗಿ ಬರುವ ಸಾವಿರಕ್ಕೂ ಮಿಕ್ಕಿದ ಗಂಡಸರಿಗೆ ಮೂರು ಹೊತ್ತು ಊಟ ಹಾಕಿಸುವುದು ಇಪ್ಪತ್ತೇಳು ವರ್ಷಗಳಿಂದ ನನ್ನ ಕೆಲಸ. ವಾರವಿಡೀ ಅಲ್ಲೇ ಇದ್ದು, ಗುರುವಾರ ಸಂಜೆ ಅಲ್ ಖೋಬರಿನ ಮನೆಗೆ, ಹೆಂಡತಿ ಲಿಲ್ಲಿಯ ಕೈಯೂಟಕ್ಕೆ ಬರುತ್ತೇನೆ. ಕ್ಯಾಂಪಿಗೆ ಹೊಸ ದೇಶದವರ ತಂಡ ಬಂದಾಗಲೆಲ್ಲ ನಾನು ಮಾಡುವ ಮೊದಲ ಕೆಲಸವೆಂದರೆ, ಅವರಲ್ಲಿ ಸ್ವಲ್ಪ ಬಾಯಿ ಇರುವವನೊಬ್ಬನನ್ನು ಹಿಡಿದು ಹತ್ತು ಪದ ಬರೆದುಕೊಳ್ಳುವುದು. ಉಪ್ಪು, ಅನ್ನ, ನೀರು, ಖಾರ, ಮೀನು, ಹೀಗೆ. ಎಲ್ಲವೂ ಕನ್ನಡ ಲಿಪಿಯಲ್ಲಿ. ನೇಪಾಳಿಯ ನೂನ್, ಫಿಲಿಪಿನೋಗಳ ಆಸಿನ್, ಪಠಾಣರ ಮಾಲ್ಗಾ, ತುರ್ಕಿಯವರ ತುಜ್, ಎಲ್ಲ ಉಪ್ಪುಗಳೂ ಒಂದೇ ಪುಟದಲ್ಲಿ ಸಾಲಾಗಿ ನಿಂತಿವೆ. ಸಾರು ಎಷ್ಟೇ ನೀರಾಗಿರಲಿ, ಅವನ ಭಾಷೆಯಲ್ಲೇ "ಉಪ್ಪು ಬೇಕಾ" ಎಂದು ಕೇಳಿದರೆ ಅವನ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ. ಇದು ನನ್ನ ಸಂಶೋಧನೆ. ಕಂಪನಿ ಇದಕ್ಕೆ ಸರ್ಟಿಫಿಕೇಟು ಕೊಟ್ಟಿಲ್ಲ.

ಪುಸ್ತಕದ ಕೊನೆಯ ಮೂರು ಪುಟ ಮಾತ್ರ ಕ್ಯಾಂಪಿನದ್ದಲ್ಲ. ಅವುಗಳ ತಲೆಬರಹ "ಫಾರೋಯೀಸ್" ಎಂದು, ಕೆಳಗೆ ಎರಡು ಗೆರೆ ಎಳೆದು.

ಫಾರೋ ದ್ವೀಪಗಳು ಎಲ್ಲಿವೆ ಎಂದು ನಿಮಗೆ ಗೊತ್ತಿಲ್ಲದಿದ್ದರೆ ನಾಚಿಕೊಳ್ಳಬೇಡಿ. ನನ್ನ ಮಗಳು ವಿನಿಟಾ ಅಲ್ಲಿಗೆ ಹೋಗುವವರೆಗೆ ನನಗೂ ಗೊತ್ತಿರಲಿಲ್ಲ. ಭೂಪಟದಲ್ಲಿ ಇಂಗ್ಲೆಂಡಿನ ತಲೆಯ ಮೇಲೆ, ಸಮುದ್ರದ ನಡುವೆ, ಯಾರೋ ಪೆನ್ನು ಕೊಡವಿದಾಗ ಬಿದ್ದ ಹನಿಗಳ ಹಾಗೆ ಇವೆ. ಅಲ್ಲಿ ಮೀನು ಸಾಕುತ್ತಾರೆ. ವಿನಿಟಾ ನಾರ್ವೆಯಲ್ಲಿ ಓದಿ ಮೀನಿನ ಡಾಕ್ಟರಾದಳು. ನಮ್ಮ ವಂಶದಲ್ಲಿ ಮೀನು ತಿಂದವರಿದ್ದಾರೆ, ಹಿಡಿದವರಿದ್ದಾರೆ, ಮೀನಿಗಾಗಿ ಅಣ್ಣತಮ್ಮಂದಿರೊಡನೆ ಮಾತು ಬಿಟ್ಟವರಿದ್ದಾರೆ. ಮೀನಿಗೆ ಮದ್ದು ಕೊಟ್ಟವಳು ಇವಳೇ ಮೊದಲು. ಆಮೇಲೆ ಫಾರೋದಲ್ಲಿ ಕೆಲಸ, ಅಲ್ಲಿಯ ಹಾನುಸ್ ಎಂಬ ಎತ್ತರದ, ಮಾತು ಕಡಿಮೆಯ ಹುಡುಗನೊಡನೆ ಮದುವೆ, ಅಲ್ಲೇ ಬೈಂತಾ ಎಂಬ ಮಗಳು. ಬೈಂತಾಗೆ ಈಗ ನಾಲ್ಕು ವರ್ಷ. ಅಪ್ಪನ ಹಳದಿ ಕೂದಲು, ನನ್ನ ಮೂಗು. ಪಾಪ, ಮೂಗನ್ನು ಏನೂ ಮಾಡುವಂತಿಲ್ಲ.

ಶುಕ್ರವಾರ ಶುಕ್ರವಾರ ವಿಡಿಯೋ ಕಾಲ್. ಹೆಚ್ಚಾಗಿ ಅವರ ಊಟದ ಹೊತ್ತಿಗೇ ನಾವು ಮಾಡುವುದು, ಏಕೆಂದರೆ ಮಗು ಒಂದು ಕಡೆ ಕೂತಿರುವುದು ಆಗ ಮಾತ್ರ. ಊಟ ಮುಗಿದು ಕುರ್ಚಿಯಿಂದ ಇಳಿಯುವ ಮೊದಲು ಅವಳು ಬಡಿಸಿದವರ ಕಡೆ ತಿರುಗಿ ಒಂದು ಮಾತು ಹೇಳುತ್ತಿದ್ದಳು: "ತಾಕ್ ಫೀರಿ ಮೆಯಾತ್." ಅಮ್ಮ ಬಡಿಸಿದರೆ ಅಮ್ಮನಿಗೆ, ಹಾನುಸನ ತಾಯಿ ಬಡಿಸಿದರೆ ಆ ಅಜ್ಜಿಗೆ. ಅದನ್ನು ಹೇಳದೆ ಯಾರೂ ಮೇಜು ಬಿಟ್ಟು ಏಳುವಂತಿಲ್ಲ.

"ಊಟಕ್ಕೆ ಥ್ಯಾಂಕ್ಸ್ ಅಂತ ಅರ್ಥ ಪಪ್ಪಾ," ಎಂದಳು ವಿನಿಟಾ. ನಾವು ಮನೆಯಲ್ಲಿ ಆಡುವುದು ಕೊಂಕಣಿ. ನಿಮಗಾಗಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಲಿಲ್ಲಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. "ಹೆತ್ತ ತಾಯಿಗೆ ಎಂತದು ಥ್ಯಾಂಕ್ಸ್? ಮನೆಯಾ, ಹೋಟೆಲಾ ಅದು?"

ಅವಳ ಮಾತು ಸುಳ್ಳಲ್ಲ. ನಮ್ಮಲ್ಲಿ ಮನೆಯವರಿಗೆ ಥ್ಯಾಂಕ್ಸ್ ಹೇಳಿದರೆ ದೂರ ಮಾಡಿದ ಹಾಗೆ. ಊಟ ಚೆನ್ನಾಗಿದ್ದರೆ ಎರಡನೇ ಸಲ ಹಾಕಿಸಿಕೊಳ್ಳುತ್ತೇವೆ, ಅದೇ ಸರ್ಟಿಫಿಕೇಟು. ಆದರೆ ನನ್ನ ಕಷ್ಟ ಬೇರೆ. ಮೆಸ್ಸಿನ ಬಾಗಿಲ ಪಕ್ಕ ಒಂದು ದೂರು ಪುಸ್ತಕ ನೇತು ಹಾಕಿದ್ದೇವೆ. ಇಷ್ಟು ವರ್ಷಗಳಲ್ಲಿ ಎಷ್ಟು ಪುಸ್ತಕ ತುಂಬಿವೆಯೋ. ಉಪ್ಪು ಕಡಿಮೆ, ಉಪ್ಪು ಹೆಚ್ಚು, ಕೋಳಿಯಲ್ಲಿ ಕೋಳಿ ಇಲ್ಲ, ರೊಟ್ಟಿಯಿಂದ ಮೊಳೆ ಹೊಡೆಯಬಹುದು. ಒಂದೇ ಒಂದು ಸಲ ಯಾರೂ "ಊಟ ಹಾಕಿದ್ದಕ್ಕೆ ಉಪಕಾರವಾಯಿತು" ಎಂದು ಬರೆದಿಲ್ಲ. ಬರೆಯಲಿ ಎಂದು ನಾನು ಕಾದದ್ದೂ ಇಲ್ಲ ಅಂದುಕೊಂಡಿದ್ದೆ. ಆ ಮಗು ಹಾಲಿನ ಮೀಸೆ ಹೊತ್ತುಕೊಂಡು ಅಜ್ಜಿಯ ಕಡೆ ತಿರುಗಿ ಆ ಮೂರು ಪದ ಹೇಳಿದಾಗ ಮಾತ್ರ ನನ್ನ ಹೊಟ್ಟೆಯಲ್ಲಿ ಏನೋ ಕಿಚ್ಚೆದ್ದಿತು. ಹೊಟ್ಟೆಕಿಚ್ಚೇ ಅದು, ಮುಚ್ಚಿಡುವುದೇನು. ಈ ಮಗುವಿಗೆ ನನ್ನ ಕೈಯಿಂದ ಒಮ್ಮೆ ತಿನ್ನಿಸಬೇಕು, ಅದು ನನ್ನ ಮುಖ ನೋಡಿ ಇದೇ ಮಾತು ಹೇಳಬೇಕು ಎಂದು ಆ ಕ್ಷಣ ನಿಶ್ಚಯಿಸಿದೆ.

ಅವರು ಮೂವರೂ ಚಳಿಗಾಲದಲ್ಲಿ ಹತ್ತು ದಿನದ ಮಟ್ಟಿಗೆ ಖೋಬರಿಗೆ ಬರುವುದೆಂದು ಗೊತ್ತಾದಾಗ ನಾನು ಪುಸ್ತಕ ತೆಗೆದೆ. ಬೈಂತಾಗೆ ಬರುವುದು ಫಾರೋಯೀಸ್ ಮಾತ್ರ. ವಿನಿಟಾ ಅವಳೊಡನೆ ಕೊಂಕಣಿಯಲ್ಲಿ ಮಾತಾಡಿ ನೋಡಿದ್ದಾಳಂತೆ. ಮಗು ಎಲ್ಲ ಕೇಳಿಸಿಕೊಂಡು ಫಾರೋಯೀಸಿನಲ್ಲಿ ಉತ್ತರ ಕೊಡುತ್ತದಂತೆ. ಸರಿ, ಫೋನಿನಲ್ಲಿ ವಿನಿಟಾಳಿಂದ ಪಾಠ ಶುರುವಾಯಿತು. ವಾರಕ್ಕೆ ಏಳೆಂಟು ಪದ. ಬ್ರೆಡ್ಡಿಗೆ ಬ್ರೇ. ಬರೆಯುವಾಗ ಕೊನೆಗೊಂದು ಅಕ್ಷರ ಇದೆಯಂತೆ, ಹೇಳುವಾಗ ನುಂಗಬೇಕಂತೆ. ಹಾಲಿಗೆ ಮ್ಯೊಲ್ಕ್, ಬೆಣ್ಣೆಗೆ ಸ್ಮೇರ್, ಚೀಸಿಗೆ ಓಸ್ಟುರ್, ಮೊಟ್ಟೆಗೆ ಎಕ್, ಈರುಳ್ಳಿಗೆ ಲೇಕುರ್. ಅನ್ನಕ್ಕೆ ರುಯ್ಸ್ ಎನ್ನಬೇಕಾದರೆ ತುಟಿಯನ್ನು ಚಹಾ ಆರಿಸುವವರ ಹಾಗೆ ಮಾಡಬೇಕು. ಮೀನಿಗೆ ಫಿಸ್ಕುರ್ ಎಂದಾಗ ನನಗೆ ನಿರಾಳವಾಯಿತು, ಅದೊಂದಾದರೂ ಎಲ್ಲೋ ಕೇಳಿದಂತಿತ್ತು.

ಕ್ಯಾಂಪಿನ ಅಡುಗೆಮನೆಯಲ್ಲಿ ದೊಡ್ಡ ಪಾತ್ರೆಗಳ ನಡುವೆ ನಡೆಯುತ್ತ ಬಾಯಿಪಾಠ ಮಾಡಿದೆ. "ಸಾರ್‌ಗೆ ಎಂತ ಆಯ್ತು?" ಎಂದು ನಮ್ಮ ಕಡೆಯ ಅಡುಗೆಯವನು ನೇಪಾಳಿ ಅಡುಗೆಯವನನ್ನು ಕೇಳಿದನಂತೆ. ಹೊಸ ದೇಶದವರು ಬರುತ್ತಾರಾ, ಎಷ್ಟು ಜನ ಎಂದು ಸ್ಟೋರಿನವನು ವಿಚಾರಿಸಿದ. "ಒಬ್ಬಳು," ಎಂದೆ. "ಆದರೆ ತುಂಬ ಕಷ್ಟದ ಗಿರಾಕಿ."

ಅವರು ಬರುವ ಹೊತ್ತಿಗೆ ನಲವತ್ತಮೂರು ಪದ ಸಿದ್ಧವಾಗಿದ್ದವು. ನಾನು ಪದಗಳ ತಯಾರಿ ಮಾಡುತ್ತಿದ್ದರೆ ಲಿಲ್ಲಿಯದ್ದು ಇನ್ನೊಂದು ತಯಾರಿ. ಅದು ಒಣಮೀನಿನದ್ದು.

ಊರಿನಿಂದ ಪ್ರತಿ ಸಲ ಬರುವಾಗ ಒಣಮೀನು ತರುವುದು ನಮ್ಮ ಪದ್ಧತಿ. ಒಣ ಬಂಗುಡೆ, ನಂಗು, ಸೀಗಡಿ. ಏಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ನಡುವೆ ಪೇಪರು, ಮೇಲೆ ಟೇಪು. ಚಿಕ್ಕಂದಿನಲ್ಲಿ ಅಂಗಳದಲ್ಲಿ ಒಣಹಾಕಿದ ಮೀನಿಗೆ ಕಾಗೆ ಕಾಯುವುದು ನನ್ನ ಡ್ಯೂಟಿಯಾಗಿತ್ತು. ಹರಿದ ಕೊಡೆ, ಕೈಯಲ್ಲೊಂದು ಕೋಲು, ಬಾಯಲ್ಲಿ ಗುಣಿಸುವ ಮಗ್ಗಿ. ಕಾಗೆ ನನಗಿಂತ ಚುರುಕು. ನಾನು ಏಳರ ಮಗ್ಗಿಯಲ್ಲಿ ತೊದಲುವಾಗಲೇ ಸರಿಯಾಗಿ ಬಂದು ಎತ್ತುತ್ತಿತ್ತು. ಆದರೂ ಸಂಜೆ ಅಮ್ಮ ಒಲೆಯ ಕೆಂಡದ ಮೇಲೆ ಒಂದು ತುಂಡು ಸುಟ್ಟು, ಬೂದಿ ಕೊಡವಿ, ಗಂಜಿಯ ಬಟ್ಟಲಿನ ಅಂಚಿಗೆ ಇಡುತ್ತಿದ್ದಳು. ಅದು ಕಾವಲುಗಾರನ ಸಂಬಳ. ಆಮೇಲೆ ಹೈಸ್ಕೂಲಿನ ಹಾಸ್ಟೆಲಿಗೆ ಹೋದಾಗ ಅದೇ ಅಮ್ಮ ಕಟ್ಟಿಕೊಟ್ಟ ಸೀಗಡಿ ಚಟ್ನಿಯ ಡಬ್ಬ ತೆರೆದರೆ, ಘಟ್ಟದ ಮೇಲಿನ ಹುಡುಗರು ಮೂಗು ಮುಚ್ಚಿಕೊಂಡು ವಾರ್ಡನ್ನನ್ನು ಕರೆತಂದಿದ್ದರು. ಡಬ್ಬವನ್ನು ನಾನೇ ಬಾವಿಕಟ್ಟೆಯ ಆಚೆ ಎಸೆದು ಬಂದೆ. ಅಂದಿನಿಂದ ನನಗೆ ಒಣಮೀನು ಎಂದರೆ ಬಾಯಲ್ಲಿ ನೀರು, ಜೊತೆಗೇ ಬೆನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂಬ ಅಳುಕು.

ಖೋಬರಿನಲ್ಲೂ ಕಥೆ ಬೇರೆಯಲ್ಲ. ಒಂದು ಸಲ ಲಿಲ್ಲಿ ನಂಗು ಸುಡುವಾಗ ಕಟ್ಟಡದ ಕಾವಲುಗಾರ ಚರಂಡಿ ಪೈಪು ಒಡೆದಿದೆ ಎಂದು ಪ್ಲಂಬರನ ಜೊತೆಗೇ ಬಾಗಿಲು ತಟ್ಟಿದ. ಲಿಲ್ಲಿ ಬಾಗಿಲು ಅರ್ಧ ತೆರೆದು, "ಇಲ್ಲಲ್ಲ, ನಮ್ಮಲ್ಲಿ ಎಲ್ಲ ಸರಿ ಉಂಟು," ಎಂದು ಕನ್ನಡದಲ್ಲೇ ಹೇಳಿ ಮುಚ್ಚಿದಳು. ಪ್ಲಂಬರ್ ಸ್ವಲ್ಪ ಹೊತ್ತು ಮೇಲೆ ಕೆಳಗೆ ಹತ್ತಿ ಇಳಿದು ಹೋದ.

ಹೀಗಿರುವಾಗ ಬಿಳಿ ಅಳಿಯ ಮೊದಲ ಸಲ ಮನೆಗೆ ಬರುವುದು. ಇದ್ದಬದ್ದ ಒಣಮೀನನ್ನೆಲ್ಲ ಲಿಲ್ಲಿ ಒಂದು ದೊಡ್ಡ ಬಿಸ್ಕತ್ತಿನ ಡಬ್ಬಕ್ಕೆ ತುಂಬಿ, ಮುಚ್ಚಳದ ಸುತ್ತ ಟೇಪು ಸುತ್ತಿ, ಮೂರನೇ ಮಾಳಿಗೆಯ ಸಾಹೇಬರ ಮನೆಗೆ ಸಾಗಿಸಿದಳು. ಸಾಹೇಬರು ಭಟ್ಕಳದವರು, ಇಲ್ಲಿ ಮೂವತ್ತು ವರ್ಷದಿಂದ ಬಟ್ಟೆ ವ್ಯಾಪಾರ. ಒಣಮೀನಿನ ಬೆಲೆ ಅರಿತವರು. "ನಿಮ್ಮ ಅಮಾನತು ನನ್ನ ಹತ್ರ ಭದ್ರ ಉಂಟು, ಹೆದರ್ಬೇಡಿ," ಎಂದು ಡಬ್ಬವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಲಿಲ್ಲಿ ಮನೆಗೆಲ್ಲ ಲಿಂಬೆಯ ಪರಿಮಳದ ನೀರು ಚಿಮುಕಿಸಿ, ಪರದೆಗಳನ್ನು ಒಗೆದು, ಕೊನೆಗೆ ನನ್ನನ್ನೂ ಮೂಸಿ ನೋಡಿದಳು.

ಅವರು ಬಂದರು. ನಾನೂ ಹತ್ತು ದಿನ ರಜೆ ಹಾಕಿ ಮನೆಯಲ್ಲಿದ್ದೆ. ಏರ್‌ಪೋರ್ಟಿನಲ್ಲಿ ಬೈಂತಾ ತಾಯಿಯ ಕಾಲಿನ ಹಿಂದೆ ನಿಂತು ನನ್ನ ಮೀಸೆಯನ್ನು ನೋಡಿದಳು. ಫೋನಿನ ಪರದೆಯಲ್ಲಿ ಇಷ್ಟಗಲ ಇದ್ದ ಅಬ್ಬಿ ಇಷ್ಟೆತ್ತರ ಇರುತ್ತಾನೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅಬ್ಬಿ ಎಂದರೆ ಅಲ್ಲಿ ಅಜ್ಜ.

ಮಾರನೆಯ ಬೆಳಿಗ್ಗೆ ನಾನು ರಂಗಕ್ಕಿಳಿದೆ. ಮೇಜಿನ ಮೇಲೆ ಕ್ಯಾಂಪಿನ ಬೇಕರಿಯವನು ವಿಶೇಷವಾಗಿ ಸುಟ್ಟ ರೊಟ್ಟಿ, ಬೆಣ್ಣೆ, ನಾಲ್ಕು ಬಗೆಯ ಚೀಸು, ಬೇಯಿಸಿದ ಮೊಟ್ಟೆ. ಪುಸ್ತಕ ಮಡಿಲಲ್ಲಿಟ್ಟುಕೊಂಡು, ಮಂಗಳೂರು-ಉಡುಪಿ ಬಸ್ಸಿನ ಕಂಡಕ್ಟರ್ ಮುಲ್ಕಿ, ಪಡುಬಿದ್ರಿ, ಕಾಪು ಎಂದು ಕೂಗುವ ಹಾಗೆ ಕೂಗಿದೆ: "ಬ್ರೇ? ಸ್ಮೇರ್? ಓಸ್ಟುರ್? ಎಕ್?"

"ನೈ," ಎಂದಳು ಬೈಂತಾ. ಬೇಡ ಎಂದರ್ಥ. ಇದನ್ನು ಬರೆದುಕೊಳ್ಳುವ ಅಗತ್ಯವೇ ಬೀಳಲಿಲ್ಲ.

ಮಧ್ಯಾಹ್ನ ರುಯ್ಸ್, ನೈ. ಸಂಜೆ ಫಿಸ್ಕುರ್, ಅದೂ ಖಾರವಿಲ್ಲದೆ ಬೆಣ್ಣೆಯಲ್ಲಿ ಹುರಿದದ್ದು, ನೈ. ತಾಯಿ ಕೊಟ್ಟರೆ ಬಾಳೆಹಣ್ಣು ತಿಂದಳು, ಹಾಲು ಕುಡಿದಳು, ಇಳಿಯುವಾಗ ತಾಯಿಗೆ ತಾಕ್ ಫೀರಿ ಮೆಯಾತ್ ಹೇಳಿದಳು. ಎರಡನೇ ದಿನ ಹಾನುಸ್ ಬಿಸ್ಕತ್ತು ಕೊಟ್ಟ, ಅವನಿಗೂ ಹೇಳಿದಳು. ಲಿಲ್ಲಿ ಹೇಗೋ ಮಾಡಿ ಅಕ್ಕಿ ಬೆಲ್ಲದ ಮಣ್ಣಿ ಅರ್ಧ ತುಂಡು ತಿನ್ನಿಸಿದಾಗ ಅವಳಿಗೂ ಸಿಕ್ಕಿತು. ಹೋಟೆಲಾ ಎಂದು ಮೂಗು ಮುರಿದಿದ್ದ ಲಿಲ್ಲಿ ಆ ದಿನವಿಡೀ ಹಾಡು ಗುನುಗಿದಳು. ಉಳಿದವನು ನಾನೊಬ್ಬ. ನಾನು ತಟ್ಟೆ ಹಿಡಿದು ಹತ್ತಿರ ಹೋದರೆ ಸಾಕು, ಮಗು ಸೋಫಾದ ಹಿಂದೆ.

"ಬಿಡಿ ಪಪ್ಪಾ, ಹಸಿವಾದಾಗ ತಿಂತಾಳೆ. ನೀವು ಹಿಂದೆ ಬಿದ್ದಷ್ಟೂ ಅವಳು ಹೆದರ್ತಾಳೆ," ಎಂದಳು ವಿನಿಟಾ.

"ಸಾವಿರ ಜನಕ್ಕೆ ಊಟ ಹಾಕುವವನು ನಾನು."

"ಆ ಸಾವಿರ ಜನಕ್ಕೆ ಬೇರೆ ದಾರಿ ಇಲ್ಲ ಪಪ್ಪಾ."

ಹೆತ್ತ ಮಗಳೇ ಹೀಗೆ ಹೇಳಿದರೆ ಯಾರಲ್ಲಿ ದೂರುವುದು? ಬಾಲ್ಕನಿಗೆ ಹೋಗಿ ನಿಂತೆ. ನಿಜ ಹೇಳುತ್ತೇನೆ, ಕಣ್ಣು ಒದ್ದೆಯಾಯಿತು. ಹತ್ತು ದಿನದಲ್ಲಿ ನಾಲ್ಕು ಮುಗಿದಿದ್ದವು. ಇನ್ನು ಆರು ದಿನ ಕಳೆದರೆ ಈ ಮಗು ಮತ್ತೆ ಫೋನಿನ ಪರದೆಯೊಳಗೆ ಹೋಗುತ್ತದೆ, ನಾನು ಅದಕ್ಕೆ ಮೀಸೆಯ ಒಬ್ಬ ಮುದುಕನಾಗಿ ಉಳಿಯುತ್ತೇನೆ ಎಂದು ಅಳುಕಾಯಿತು.

ಐದನೇ ದಿನ ಶುಕ್ರವಾರ. ಬೆಳಿಗ್ಗೆ ಹತ್ತರ ಹೊತ್ತಿಗೆ ಬಾಗಿಲ ಗಂಟೆ ಬಡಿಯಿತು. ತೆರೆದರೆ ಸಾಹೇಬರು. ಕೈಯಲ್ಲಿ ಬಿಸ್ಕತ್ತಿನ ಡಬ್ಬ. ಮುಖದಲ್ಲಿ ಅಪರಾಧಿ ಭಾವ.

"ತಪ್ಪು ತಿಳ್ಕೊಳ್ಬೇಡಿ ಮಾರಾಯ್ರೆ," ಎಂದು ಸ್ವರ ತಗ್ಗಿಸಿದರು. "ಇವತ್ತು ಮಗನಿಗೆ ಹೆಣ್ಣು ಕೊಡುವವರು ರಿಯಾದಿಂದ ಬರ್ತಿದ್ದಾರೆ. ಮೊದಲ ಸಲ ಮನೆ ನೋಡ್ಲಿಕ್ಕೆ. ನಮ್ಮವರು ಹೇಳಿದ್ರು, ಇದು ಮನೆಯಲ್ಲಿ ಇರ್ಬಾರ್ದು ಅಂತ. ಎಂತ ಮಾಡುದು?"

ನಾನು ಡಬ್ಬ ತೆಗೆದುಕೊಂಡೆ. ಅದರ ಟೇಪು ಬಿಚ್ಚಿತ್ತು, ಮುಚ್ಚಳ ಸಡಿಲವಾಗಿತ್ತು, ತೂಕವೂ ಸ್ವಲ್ಪ ಇಳಿದಂತಿತ್ತು. ಅಮಾನತಿನ ಬಡ್ಡಿ ಸಾಹೇಬರ ಹೊಟ್ಟೆ ಸೇರಿತ್ತು ಎಂದು ಕಾಣುತ್ತದೆ. ಒಳಗೆ ತಂದಿಡುವಷ್ಟರಲ್ಲಿ ನಾಲ್ಕು ದಿನದ ಲಿಂಬೆ ಪರಿಮಳ ಎಲ್ಲಿ ಹೋಯಿತೋ. ಹಜಾರದ ತುಂಬ ಅದೇ ವಾಸನೆ. ಲಿಲ್ಲಿ ಅಡುಗೆಮನೆಯ ಬಾಗಿಲಲ್ಲಿ ಕೈಗೆ ಸೆರಗು ಸುತ್ತಿಕೊಂಡು ನಿಂತಳು. ಸೋಫಾದಲ್ಲಿ ಕೂತಿದ್ದ ಹಾನುಸ್ ತಲೆ ಎತ್ತಿದ. ನಾನು ಹಾಸ್ಟೆಲಿನ ಹುಡುಗನಾಗಿ, ಡಬ್ಬ ಎಸೆಯಲು ಬಾವಿಕಟ್ಟೆ ಎಲ್ಲಿದೆ ಎಂದು ನೋಡುತ್ತಿದ್ದೆ.

ಆಗ ಸೋಫಾದ ಹಿಂದಿನಿಂದ ನನ್ನದೇ ಮೂಗೊಂದು ಹೊರಗೆ ಬಂತು. ಬೈಂತಾ ಗಾಳಿಯನ್ನು ಎರಡು ಸಲ ಎಳೆದಳು. ಹೆಜ್ಜೆ ಹೆಜ್ಜೆಯಾಗಿ ನನ್ನ ಹತ್ತಿರ ಬಂದಳು, ಯಾರೂ ಕರೆಯದೆ, ಮೊದಲ ಸಲ. ಮುಚ್ಚಳವನ್ನು ತಾನೇ ಎತ್ತಿ ಒಳಗೆ ನೋಡಿದಳು.

"ತುರ್ರುರ್ ಫಿಸ್ಕುರ್!" ಎಂದು ಕೂಗಿ ಅಪ್ಪನ ಕಡೆ ತಿರುಗಿದಳು.

ಒಣಮೀನು. ನನ್ನ ನಲವತ್ತಮೂರರಲ್ಲಿ ಆ ಪದ ಇರಲಿಲ್ಲ. ಬಿಳಿಯರ ಮನೆಯ ಮಗು ಒಣಮೀನು ಕೇಳುತ್ತದೆಂದು ನನಗೆ ಹೇಗೆ ಹೊಳೆಯಬೇಕು?

ಹಾನುಸ್ ಎದ್ದು ಬಂದು ಒಂದು ನಂಗು ಎತ್ತಿ ಬೆಳಕಿಗೆ ಹಿಡಿದು ನೋಡಿದ. ಬಂದ ಮೇಲೆ ಅವನು ಅಷ್ಟು ಮಾತಾಡಿದ್ದು ಅದೇ ಮೊದಲು. ಅವರ ಊರಲ್ಲಿ ಪ್ರತಿ ಮನೆಯ ಪಕ್ಕ ಮರದ ಪಟ್ಟಿಗಳ ಒಂದು ಗೂಡು ಇರುತ್ತದಂತೆ. ಪಟ್ಟಿಗಳ ಸಂದಿಯಲ್ಲಿ ಸಮುದ್ರದ ಗಾಳಿ ಆಡುತ್ತದೆ, ಒಳಗೆ ಮೀನು, ಕುರಿಮಾಂಸ ತಿಂಗಳುಗಟ್ಟಲೆ ನೇತಾಡುತ್ತವೆ. ಅವನ ತಾಯಿಯ ಗೂಡಿನಲ್ಲಿ ಮೀನನ್ನು ಎಣಿಸುವುದು ಬೈಂತಾಳ ಕೆಲಸವಂತೆ. ಆ ಗೂಡನ್ನು ನಾವು ವಿಡಿಯೋದಲ್ಲಿ ಎಷ್ಟು ಸಲ ನೋಡಿದ್ದೇವೆ! ಕೋಳಿಗೂಡು ಎಂದು ತಿಳಿದು, ಕೋಳಿ ಯಾಕೆ ಕೂಗುವುದಿಲ್ಲ ಎಂದು ಲಿಲ್ಲಿ ಕೇಳಿದ್ದೂ ಉಂಟು.

"ಇದನ್ನು ಮೊದಲೇ ಹೇಳ್ಬಾರ್ದಾ ನಿಂಗೆ?" ಎಂದು ಲಿಲ್ಲಿ ಮಗಳ ಮೇಲೆ ಹರಿಹಾಯ್ದಳು.

ವಿನಿಟಾ ನಗು ತಡೆಯಲಾರದೆ ಗೋಡೆ ಹಿಡಿದುಕೊಂಡಿದ್ದಳು. "ಪಪ್ಪಾ ಕೇಳಿದ್ದು ಬ್ರೆಡ್ಡು, ಬೆಣ್ಣೆ ಮಾತ್ರ. ಅದೂ ಅಲ್ದೆ, ಹಾನುಸನ ಅಮ್ಮ ನಿಮಗೆ ಅಂತ್ಲೇ ಒಂದು ಕಟ್ಟು ಒಣಮೀನು ಕೊಟ್ಟಿದ್ರು. ನಾನೇ ಸೂಟ್‌ಕೇಸಿನಿಂದ ತೆಗೆದಿಟ್ಟು ಬಂದೆ. ಬಿಲ್ಡಿಂಗಿನವರು ಎಂತ ಹೇಳ್ತಾರೋ ಅಂತ ಮಮ್ಮಿ ಹೆದರ್ತಾಳೆ ಅಲ್ವಾ, ಹಾಗೆ."

ನಮ್ಮದು ಮೇಲಿನ ಮನೆಯಲ್ಲಿ ಅಡಗಿತ್ತು, ಅವರದ್ದು ಆರು ಸಾವಿರ ಕಿಲೋಮೀಟರೋ ಎಷ್ಟೋ ಆಚೆ ಕಪಾಟಿನಲ್ಲಿ ಅಡಗಿತ್ತು. ಇಷ್ಟೆಲ್ಲ ಜನ ಸೇರಿ ಮುಚ್ಚಿಟ್ಟದ್ದು ಮೀನನ್ನು, ಬೇರೆ ಏನನ್ನೂ ಅಲ್ಲ.

ನಾನು ಅಂಗಿಯ ತೋಳು ಮಡಚಿದೆ. ನಂಗನ್ನು ಮೂರು ನೀರಿನಲ್ಲಿ ತೊಳೆದು ಉಪ್ಪು ಬಿಡಿಸಿದೆ. ಅಡುಗೆಮನೆಯ ಕಿಟಕಿ ಪೂರ್ತಿ ತೆರೆದು, ಗ್ಯಾಸಿನ ಉರಿಯ ಮೇಲೆ ಜಾಲರಿ ಇಟ್ಟು ಸುಟ್ಟೆ. ಪ್ಲಂಬರ್ ಬರುವುದಿದ್ದರೆ ಬರಲಿ, ಅವನಿಗೂ ಒಂದು ತುಂಡು. ಲಿಲ್ಲಿ ಕುಚ್ಚಲಕ್ಕಿ ಗಂಜಿ ಇಟ್ಟಳು. ಸುಟ್ಟ ಮೀನನ್ನು ಮುಳ್ಳು ತೆಗೆದು, ಬೆರಳಲ್ಲಿ ಪುಡಿಮಾಡಿ, ನಾಲ್ಕು ಹನಿ ತೆಂಗಿನೆಣ್ಣೆ ಹಾಕಿದೆ. ಹಾನುಸ್ ಅಡುಗೆಮನೆಗೆ ಬಂದು ಸುತ್ತಿಗೆ ಇದೆಯೇ ಎಂದು ಕೇಳಿದ. ಅವರಲ್ಲಿ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಜಜ್ಜಿ ಬೆಣ್ಣೆ ಹಚ್ಚಿ ತಿನ್ನುತ್ತಾರಂತೆ. ಕೊಟ್ಟೆ. ಅಳಿಯ ಬಾಲ್ಕನಿಯಲ್ಲಿ ಕೂತು ಬಂಗುಡೆಯನ್ನು ಬಡಿದ ಸದ್ದಿಗೆ ಸಾಹೇಬರ ಮನೆಯ ಅತಿಥಿಗಳು ಏನಂದುಕೊಂಡರೋ ಗೊತ್ತಿಲ್ಲ. ಸಂಬಂಧವಂತೂ ಕುದುರಿತು.

ಬೈಂತಾ ಕುರ್ಚಿ ಹತ್ತಿ ಕೂತಿದ್ದಳು. ನಾನು ಪುಸ್ತಕ ತೆರೆಯಲಿಲ್ಲ. ಗಂಜಿಯನ್ನು ಚಮಚದಲ್ಲಿ ತೆಗೆದು, ಮೇಲೆ ಒಂದು ಚಿಟಿಕೆ ಮೀನಿಟ್ಟು ಹಿಡಿದೆ. ಬಾಯಿ ತೆರೆಯಿತು. ಇನ್ನೊಂದು. ಮತ್ತೊಂದು. ನಡುವೆ ಅವಳು ತಾನೇ ನನ್ನ ಬೆರಳು ಹಿಡಿದು ಮೀನಿನ ತಟ್ಟೆಯ ಕಡೆ ಎಳೆದಳು, ಹೆಚ್ಚು ಹಾಕು ಎಂದು. ನನ್ನ ಅಮ್ಮನ ಕೈಯಲ್ಲಿ ಬೂದಿಯ ವಾಸನೆ ಇರುತ್ತಿತ್ತು, ನನ್ನ ಕೈಯಲ್ಲಿ ಗ್ಯಾಸಿನದ್ದು, ಇರಲಿ. ಬಟ್ಟಲು ಖಾಲಿಯಾಯಿತು. ನಾನು ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೂ ಅಷ್ಟು ಉಸಿರು ಬಿಗಿಹಿಡಿದು ಕಾದಿರಲಿಲ್ಲ.

ಬೈಂತಾ ಕುರ್ಚಿಯಿಂದ ಇಳಿದಳು. ಏನೂ ಹೇಳಲಿಲ್ಲ. ನೇರ ತಾಯಿಯ ಹತ್ತಿರ ಓಡಿದಳು.

ಹೋಗಲಿ ಬಿಡು, ತಿಂದಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮುಖ ಹಾಗೆ ಹೇಳುತ್ತಿರಲಿಲ್ಲ ಎಂದು ಲಿಲ್ಲಿ ಆಮೇಲೆ ಅಂದಳು. ಆದರೆ ಮಗು ತಾಯಿಯ ಕಿವಿಯಲ್ಲಿ ಏನೋ ಕೇಳಿತು, ತಾಯಿ ನನ್ನನ್ನು ತೋರಿಸಿ ಏನೋ ಹೇಳಿದಳು. ನನ್ನನ್ನು ಕರೆಯುವುದು ಹೇಗೆಂದು ಕೇಳಲು ಹೋಗಿದ್ದಳಂತೆ. ತಿರುಗಿ ಬಂದು ನನ್ನ ಮೊಣಕಾಲಿಗೆ ಎರಡೂ ಕೈ ಊರಿ ತಲೆ ಎತ್ತಿ ನಿಂತಳು. ಗಲ್ಲದ ಮೇಲೆ ಗಂಜಿ.

"ತಾಕ್ ಫೀರಿ ಮೆಯಾತ್, ಅಬ್ಬಿ."

ಇದಕ್ಕೆ ಉತ್ತರ ಏನು ಹೇಳಬೇಕು? ಅದಕ್ಕೂ ಒಂದು ಮಾತು ಇರಲೇಬೇಕು, ಆದರೆ ನಾನು ಬರೆದುಕೊಂಡಿರಲಿಲ್ಲ. ಇಪ್ಪತ್ತೇಳು ವರ್ಷದಲ್ಲಿ ಯಾರೂ ಹೇಳದ ಮಾತಿಗೆ ಉತ್ತರ ಕಲಿಯಬೇಕೆಂದು ಯಾರಿಗೆ ಹೊಳೆಯುತ್ತದೆ? ನಲವತ್ತಮೂರು ಪದಗಳಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ. ಬಾಯಿಂದ ಬಂದದ್ದು, ಊಟ ಮುಗಿಸಿ ಏಳಹೊರಟ ಯಾರಿಗಾದರೂ ನನ್ನ ಅಮ್ಮ ಹೇಳುತ್ತಿದ್ದ ಮಾತು, ನಮ್ಮದೇ ಕೊಂಕಣಿಯಲ್ಲಿ:

"ಇನ್ನು ಸ್ವಲ್ಪ ಹಾಕ್ಲಾ ಮಗಾ?"

ಬೈಂತಾ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಮತ್ತೆ ಕುರ್ಚಿ ಹತ್ತಿ ಕೂತು, ಖಾಲಿ ಬಟ್ಟಲನ್ನು ನನ್ನ ಕಡೆ ತಳ್ಳಿದಳು.